ಲಂಡನ್ನಿನ ಅಂಚಿನ ಪಿನ್ನರ್‌ನಲ್ಲಿ ಸಂಸಾರ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನನ್ನ ಯಜಮಾನರಿಗೆ ಲಂಡನ್ ಕಚೇರಿಗೆ ವರ್ಗವಾಗಿದೆ. ಆರು ವರ್ಷದ ಮಗಳು ಮತ್ತು ಮೂರು ವರ್ಷದ ಮಗನೊಂದಿಗೆ ಸದ್ಯದಲ್ಲೇ ಹೊರಡಲಿದ್ದೇವೆ. ಪಿನ್ನರ್‌ನಲ್ಲಿ ಮನೆ ಮಾಡಿ, ಮಕ್ಕಳಿರುವವರಿಗೆ ಅದು ಹೇಳಿ ಮಾಡಿಸಿದ ಜಾಗ ಎಂದು ಕೆಲವರು ಹೇಳಿದರೆ, ಸಂಜೆಯಾದರೆ ಅಲ್ಲಿ ನರಪಿಳ್ಳೆಯೂ ಕಾಣಿಸುವುದಿಲ್ಲ, ಬೇಸರ ಬರುತ್ತದೆ ಎಂದು ಇನ್ನು ಕೆಲವರು ಹೆದರಿಸುತ್ತಿದ್ದಾರೆ. ಕೂಡುಕುಟುಂಬದಲ್ಲಿ ಬೆಳೆದ ನನಗೆ ಅಲ್ಲಿನ ದಿನಗಳು ಹೇಗಿರುತ್ತವೆ?
— ಒಬ್ಬ ಓದುಗರು, ಮೈಸೂರು

ಉತ್ತರ: ಎರಡೂ ಕಡೆಯವರು ಹೇಳಿದ್ದು ನಿಜವಮ್ಮ. ಪಿನ್ನರ್‌ನ ನಿಶ್ಶಬ್ದ ತಾನಾಗಿ ಬಂದದ್ದಲ್ಲ, ಬಡಾವಣೆ ಕಟ್ಟುವಾಗಲೇ ಬಯಸಿ ತಂದದ್ದು. 1885ರಲ್ಲಿ ಮೆಟ್ರೊಪಾಲಿಟನ್ ರೈಲ್ವೆ ಇಲ್ಲಿಗೆ ಬಂದಾಗ ಇದು ಹೊಲಗಳ ನಡುವಿನ ಒಂದು ಹಳ್ಳಿಯಾಗಿತ್ತು. ಮುಂದೆ ಆ ಕಂಪನಿ ತನ್ನ ಹಳಿಗಳ ಅಕ್ಕಪಕ್ಕದ ಜಮೀನಿನಲ್ಲಿ ಮನೆಗಳನ್ನು ಕಟ್ಟಿಸಿ, 1915ರಿಂದ 1932ರವರೆಗೆ ‘ಮೆಟ್ರೊ-ಲ್ಯಾಂಡ್’ ಎಂಬ ಕೈಪಿಡಿಯನ್ನು ವರ್ಷವರ್ಷವೂ ಹೊರತಂದು, ನಗರದಲ್ಲಿ ದುಡಿದು ಸಂಜೆ ಹಸಿರಿನ ನಡುವಿನ ಸ್ವಂತ ಮನೆಗೆ ಮರಳುವ ಆಸೆಯನ್ನು ಮಧ್ಯಮ ವರ್ಗದವರಲ್ಲಿ ಬಿತ್ತಿತು. ಇಂದಿಗೂ ಊರಿನ ರೂಪ ಬಹುಮಟ್ಟಿಗೆ ಅದೇ. ಒಂದು ಗೋಡೆಯನ್ನು ಹಂಚಿಕೊಂಡ ಜೋಡಿಮನೆಗಳು, ಮುಂದೆ ಪುಟ್ಟ ಅಂಗಳ, ಹಿಂದೆ ಉದ್ದನೆಯ ತೋಟ. ಅಂಗಡಿ, ಬ್ಯಾಂಕು, ಔಷಧಾಲಯಗಳು ಹೆಚ್ಚಾಗಿ ನಿಲ್ದಾಣದ ಆಸುಪಾಸಿನಲ್ಲಿ ಇರುವುದರಿಂದ, ಮನೆಗಳ ರಸ್ತೆಯಲ್ಲಿ ಯಾರಿಗೂ ನಿಂತುಕೊಳ್ಳುವ ಕಾರಣವೇ ಇರುವುದಿಲ್ಲ. ನಮ್ಮ ಕಡೆ ಜಗಲಿಯ ಮೇಲೆ ನಡೆಯುವ ಬದುಕು ಇಲ್ಲಿ ಹಿತ್ತಿಲಿಗೆ ಸರಿದಿದೆ. ರಸ್ತೆಯಲ್ಲಿ ನಿಂತು ನೋಡಿದವರಿಗೆ ಊರು ನಿರ್ಜನವೆನಿಸುತ್ತದೆ. ಜೂನ್ ತಿಂಗಳ ಸಂಜೆ, ಒಂಬತ್ತು ಗಂಟೆ ದಾಟಿದರೂ ಬೆಳಕು ಉಳಿದಿರುವಾಗ, ಬೇಲಿಗಳ ಆಚೆಯಿಂದ ಮಕ್ಕಳ ಕೂಗು, ಪಾತ್ರೆಗಳ ಸದ್ದು, ನಗು ಎಲ್ಲವೂ ಕೇಳಿಸುತ್ತವೆ.

ಆದರೆ ಮೊದಲ ಚಳಿಗಾಲ ಕಷ್ಟದ್ದು. ಅದನ್ನು ಮುಚ್ಚಿಡುವುದು ಸರಿಯಲ್ಲ. ಡಿಸೆಂಬರ್‌ನಲ್ಲಿ ಬೆಳಗ್ಗೆ ಎಂಟರ ಸುಮಾರಿಗೆ ಹುಟ್ಟುವ ಸೂರ್ಯ ಸಂಜೆ ನಾಲ್ಕಕ್ಕೆ ಮೊದಲೇ ಮುಳುಗುತ್ತಾನೆ. ಯಜಮಾನರು ಕತ್ತಲಲ್ಲಿ ಹೋಗಿ ಕತ್ತಲಲ್ಲೇ ಬರುತ್ತಾರೆ, ನೆರೆಯವರ ಬಾಗಿಲುಗಳು ಮುಚ್ಚಿರುತ್ತವೆ, ಮೂರು ವರ್ಷದ ಮಗುವಿನೊಡನೆ ಮನೆಯಲ್ಲೇ ಉಳಿದ ತಾಯಿಗೆ ಇಡೀ ದಿನ ಇನ್ನೊಬ್ಬ ವಯಸ್ಕರೊಡನೆ ಮಾತಿಲ್ಲದೆ ಕಳೆಯಬಹುದು. ಇಲ್ಲಿಗೆ ಬಂದ ಅನೇಕ ಕನ್ನಡದ ಹೆಣ್ಣುಮಕ್ಕಳು ಈ ತಿಂಗಳುಗಳಲ್ಲಿ ಕುಗ್ಗಿಹೋದದ್ದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಆದ್ದರಿಂದ ಮನೆ ಹುಡುಕುವಾಗ ನಿಮ್ಮ ದೈನಂದಿನ ಓಡಾಟವನ್ನೇ ಮುಖ್ಯವಾಗಿಟ್ಟುಕೊಳ್ಳಿ. ಅದೇ ಬಾಡಿಗೆಗೆ ದೂರದಲ್ಲಿ ದೊಡ್ಡ ಮನೆ ಸಿಕ್ಕರೂ ಬೇಡ. ನಿಲ್ದಾಣ, ಶಾಲೆ, ಉದ್ಯಾನ ಮೂರಕ್ಕೂ ತಳ್ಳುಗಾಡಿಯಲ್ಲಿ ಮಗುವನ್ನು ಕೂರಿಸಿಕೊಂಡು ನಡೆದು ಹೋಗಬಹುದಾದ ಚಿಕ್ಕ ಮನೆಯನ್ನೇ ಹಿಡಿಯಿರಿ. ಭಾರತದ ಚಾಲನಾ ಪರವಾನಗಿ ಇಲ್ಲಿ ನೆಲೆಸಿದ ಮೇಲೆ 12 ತಿಂಗಳು ಮಾತ್ರ ನಡೆಯುತ್ತದೆ, ಬಳಿಕ ಇಲ್ಲಿನ ಪರೀಕ್ಷೆ ಪಾಸು ಮಾಡಬೇಕು. ಅದನ್ನು ಮುಂದಕ್ಕೆ ಹಾಕಿದವರು ಗಂಡನ ರಜೆಯ ದಿನಕ್ಕಾಗಿ ಕಾಯುತ್ತಾ ಮನೆಯಲ್ಲೇ ಕೂರುವಂತಾಗುತ್ತದೆ. ಮುಂಗಡದ ವಿಷಯದಲ್ಲಿ ಮಾತ್ರ ಬೆಂಗಳೂರಿಗಿಂತ ಹಗುರ: 2019ರ ಕಾನೂನಿನಂತೆ, ವರ್ಷದ ಬಾಡಿಗೆ 50,000 ಪೌಂಡ್‌ಗಿಂತ ಕಡಿಮೆಯಿದ್ದರೆ ಐದು ವಾರಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಕೇಳುವಂತಿಲ್ಲ.

ಈ ಊರಿನೊಳಕ್ಕೆ ನಿಮ್ಮನ್ನು ಕರೆದೊಯ್ಯುವುದು ಶಾಲೆಯ ಗೇಟು. ಮಗು ನಾಲ್ಕು ತುಂಬಿದ ನಂತರದ ಸೆಪ್ಟೆಂಬರ್‌ನಲ್ಲಿ ‘ರಿಸೆಪ್ಷನ್’ ತರಗತಿಗೆ ಸೇರುತ್ತದೆ. ನಿಮ್ಮ ಮಗನಿಗೆ ಅದಕ್ಕಾಗಿ ಹಿಂದಿನ ಜನವರಿ 15ರೊಳಗೆ ಅರ್ಜಿ ಹಾಕಬೇಕು. ಮಗಳಿಗೆ ವರ್ಷದ ನಡುವಿನ ಪ್ರವೇಶ ಕೋರಬೇಕಾಗುತ್ತದೆ, ಖಾಲಿ ಸ್ಥಾನವಿದ್ದಲ್ಲಿ ಸಿಗುತ್ತದೆ. ಸರ್ಕಾರಿ ಶಾಲೆಗಳಲ್ಲಿ ಶುಲ್ಕವಿಲ್ಲ, ಆದರೆ ಬೇಡಿಕೆ ಹೆಚ್ಚಿರುವ ಶಾಲೆಗಳಲ್ಲಿ ಮನೆಯಿಂದ ಶಾಲೆಗಿರುವ ದೂರವೇ ಬಹಳ ಸಲ ನಿರ್ಣಾಯಕವಾಗುತ್ತದೆ. ಒಳ್ಳೆಯ ಶಾಲೆಯ ಸುತ್ತಲಿನ ಮನೆಗಳು ದುಬಾರಿಯಾಗಿರುವುದಕ್ಕೆ ಇದೂ ಒಂದು ಕಾರಣ. ಚಿಕ್ಕ ಮಕ್ಕಳ ತರಗತಿಗಳಲ್ಲಿ ಒಬ್ಬ ಶಿಕ್ಷಕರಿಗೆ 30 ಮಕ್ಕಳೆಂಬ ಮಿತಿಯನ್ನು ಕಾನೂನೇ ಹಾಕಿದೆ. ಲಂಡನ್ನಿನ ಸರ್ಕಾರಿ ಪ್ರಾಥಮಿಕ ಶಾಲೆಗಳ ಎಲ್ಲ ಮಕ್ಕಳಿಗೂ 2023ರ ಸೆಪ್ಟೆಂಬರ್‌ನಿಂದ ಮಧ್ಯಾಹ್ನದ ಊಟ ಉಚಿತ, ಸಸ್ಯಾಹಾರವೂ ಸಿಗುತ್ತದೆ. ಶಾಲೆ ಮಧ್ಯಾಹ್ನ ಮೂರೂಕಾಲರ ಆಸುಪಾಸಿನಲ್ಲಿ ಬಿಟ್ಟಾಗ ಮಗುವನ್ನು ಕರೆದೊಯ್ಯಲು ಮನೆಯವರೇ ಬರಬೇಕು. ಶಾಲೆಯ ಬಸ್ಸು ಮನೆ ಬಾಗಿಲಿಗೆ ಬರುವ ಪದ್ಧತಿ ಇಲ್ಲಿಲ್ಲ. ನೌಕರಿಗೆ ಹೋಗುವವರಿಗೆ ಇದು ನಿಜವಾದ ತೊಡಕು. ಆದರೆ ಮಳೆಯಲ್ಲೂ ಚಳಿಯಲ್ಲೂ ದಿನವೂ ಅದೇ ಹತ್ತು ನಿಮಿಷ ಅದೇ ತಾಯಂದಿರು, ತಂದೆಯರು, ಅಜ್ಜ ಅಜ್ಜಿಯರ ಜೊತೆ ನಿಂತು ಕಾಯುವುದರಿಂದಲೇ ಹವಾಮಾನದ ಮಾತು ಮಗುವಿನ ಜ್ವರದ ಮಾತಾಗಿ, ಜ್ವರದ ಮಾತು ಹುಟ್ಟುಹಬ್ಬದ ಕರೆಯಾಗಿ ಬೆಳೆಯುತ್ತದೆ. ತುಸು ಮೊದಲೇ ಹೋಗಿ, ಫೋನನ್ನು ಚೀಲದಲ್ಲಿಟ್ಟು ನಿಲ್ಲಿ.

ಚಿಕ್ಕವನನ್ನೂ ಮನೆಯಲ್ಲೇ ಇರಿಸಿಕೊಳ್ಳಬೇಡಿ. ಮೂರು ತುಂಬಿದ ನಂತರದ ಶಾಲಾ ಅವಧಿಯಿಂದ ಇಂಗ್ಲೆಂಡಿನ ಎಲ್ಲ ಮಕ್ಕಳಿಗೂ ವರ್ಷದಲ್ಲಿ 38 ವಾರ, ವಾರಕ್ಕೆ 15 ಗಂಟೆ ಉಚಿತ ನರ್ಸರಿ ಲಭ್ಯ. ಆ ಹೊತ್ತು ನಿಮ್ಮದು. ಅದನ್ನು ಮನೆಗೆಲಸಕ್ಕೇ ಕೊಟ್ಟುಬಿಡದೆ ಡ್ರೈವಿಂಗ್ ಕಲಿಯಲು, ಕೆಲಸ ಹುಡುಕಲು ಬಳಸಿಕೊಳ್ಳಿ. ನುರಿತ ನೌಕರರ ವೀಸಾದಲ್ಲಿ ಬರುವವರ ಪತ್ನಿಗೆ ಇಲ್ಲಿ ದುಡಿಯಲು ಅನುಮತಿ ಇದೆ. ಅಡುಗೆಯ ಚಿಂತೆ ಬೇಡ. ಪಕ್ಕದ ರೇನರ್ಸ್ ಲೇನ್‌ನ ತಮಿಳರ ಅಂಗಡಿಗಳಲ್ಲಿ ಕರಿಬೇವಿನಿಂದ ಇಡ್ಲಿ ಅಕ್ಕಿಯವರೆಗೆ ಸಿಗುತ್ತದೆ, ಹ್ಯಾರೋ ಸುತ್ತ ಗುಜರಾತಿಗಳು ದೊಡ್ಡ ಸಂಖ್ಯೆಯಲ್ಲಿದ್ದಾರೆ. ಯುಗಾದಿ, ದೀಪಾವಳಿಗೆ ಕನ್ನಡ ಬಳಗದವರು ಸೇರುತ್ತಾರೆ. ಆದರೂ ನಮ್ಮವರ ನಡುವೆಯೇ ಉಳಿದುಬಿಡಬೇಡಿ. ಬಂದ ವಾರದಲ್ಲೇ ಎರಡೂ ಪಕ್ಕದ ಮನೆಗಳ ಬಾಗಿಲು ತಟ್ಟಿ, ಹೆಸರು ಹೇಳಿ, ಕಸದ ಡಬ್ಬಗಳನ್ನು ಯಾವ ದಿನ ಹೊರಗಿಡಬೇಕೆಂದು ಕೇಳಿ. ಇಲ್ಲಿನವರು ಕರೆಯದೆ ಮನೆಗೆ ಬರುವವರಲ್ಲ, ಆದರೆ ಸಹಾಯ ಕೇಳಿದವರನ್ನು ಮರೆಯುವವರೂ ಅಲ್ಲ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. ಮಗ ಪಿನ್ನರ್‌ನಲ್ಲಿ ಮನೆ ಕೊಂಡಿದ್ದಾನೆ. ನಾವು ದಂಪತಿ ಐದು ತಿಂಗಳು ಅವನೊಡನೆ ಇರಬೇಕೆಂದಿದ್ದೇವೆ. ಯಾವಾಗ ಹೋಗುವುದು ಒಳ್ಳೆಯದು, ಹೊತ್ತು ಹೇಗೆ ಕಳೆಯುವುದು, ಕಾಯಿಲೆ ಬಿದ್ದರೆ ಏನು ಗತಿ?
— ಒಬ್ಬ ಓದುಗರು, ಹಾಸನ

ಉತ್ತರ: ಮೇಷ್ಟ್ರೇ, ಏಪ್ರಿಲ್ ಕೊನೆಗೆ ಹೊರಟು ಸೆಪ್ಟೆಂಬರ್‌ನಲ್ಲಿ ಮರಳಿ. ಚಳಿಗಾಲದಲ್ಲಿ ಬಂದ ಹಿರಿಯರು ಮಗ ಸೊಸೆ ಕೆಲಸಕ್ಕೆ ಹೋದ ಮೇಲೆ ಕಿಟಕಿಯ ಬಳಿ ಕೂತು ಊರಿಗೆ ಹೋಗುವ ದಿನ ಎಣಿಸುವುದನ್ನು ಕಂಡಿದ್ದೇನೆ. ಬೇಸಿಗೆಯಲ್ಲಿ ಪಿನ್ನರ್ ಸ್ಮಾರಕ ಉದ್ಯಾನಕ್ಕೆ ನಡೆದು ಹೋದರೆ ಬಾತುಕೋಳಿಗಳ ಕೊಳವೂ ಕೂರಲು ಬೆಂಚುಗಳೂ ಇವೆ. ಅಲ್ಲೇ 2016ರಲ್ಲಿ ತೆರೆದ ಹೀತ್ ರಾಬಿನ್ಸನ್ ವಸ್ತುಸಂಗ್ರಹಾಲಯವಿದೆ. ಹಗ್ಗ, ರಾಟೆ, ಗಾಲಿಗಳಿಂದ ಅಸಾಧ್ಯ ಯಂತ್ರಗಳನ್ನು ಬರೆದ ಈ ಚಿತ್ರಕಾರ ಪಿನ್ನರ್‌ನಲ್ಲಿ ನೆಲೆಸಿದ್ದವರು, ಅವರ ಚಿತ್ರಗಳು ಶಿಕ್ಷಕರಾದ ನಿಮಗೆ ಮೆಚ್ಚುಗೆಯಾಗುತ್ತವೆ. ದಾರಿಯಲ್ಲಿ ಎದುರಾದ ಹಿರಿಯರಿಗೆ ‘ಗುಡ್ ಮಾರ್ನಿಂಗ್’ ಹೇಳಿ. ದಿನವೂ ಒಂದೇ ಹೊತ್ತಿಗೆ ಹೋದರೆ ಅವರೇ ಮಾತಿಗೆ ನಿಲ್ಲುತ್ತಾರೆ.

ಆರೋಗ್ಯದ ವಿಷಯದಲ್ಲಿ ಎಚ್ಚರ ಬೇಕು. ಸಂದರ್ಶಕರಿಗೂ ತುರ್ತು ವಿಭಾಗದ ಚಿಕಿತ್ಸೆ ಉಚಿತ, ಆದರೆ ಆಸ್ಪತ್ರೆಗೆ ಸೇರಿಸಿಕೊಂಡ ಕ್ಷಣದಿಂದ ಖರ್ಚಿನ 150 ಶೇಕಡಾದಂತೆ ಬಿಲ್ಲು ಬರುತ್ತದೆ. ಈಗಾಗಲೇ ಇರುವ ಸಕ್ಕರೆ ಕಾಯಿಲೆ, ರಕ್ತದೊತ್ತಡಗಳನ್ನು ಮುಚ್ಚಿಡದೆ ಬರೆದು ಕೊಟ್ಟು ವಿಮೆ ಮಾಡಿಸಿ, ವೈದ್ಯರ ಚೀಟಿಯೊಂದಿಗೆ ಔಷಧಿಗಳನ್ನು ತನ್ನಿ. ಇನ್ನೊಂದು ಮಾತನ್ನು ನಿಮ್ಮ ಮಗನಿಗೂ ಹೇಳಿ: ನೀವು ಇರುವಷ್ಟು ಕಾಲ ಮೊಮ್ಮಕ್ಕಳನ್ನು ನೋಡಿಕೊಳ್ಳುವುದು ನಿಮಗೆ ಸಂತೋಷವೇ ಇರಬಹುದು, ಆದರೆ ಐದು ತಿಂಗಳು ಬೆಳಗಿನಿಂದ ಸಂಜೆಯವರೆಗೆ ಅದೇ ಕೆಲಸವಾದರೆ ನೀವು ಊರನ್ನು ನೋಡುವುದೇ ಇಲ್ಲ.

ಪ್ರಶ್ನೆ: ಗೋಡೆ ಹಂಚಿಕೊಂಡ ಮನೆಯಲ್ಲಿ ಪೂಜೆಯ ಗಂಟೆ, ದೀಪಾವಳಿಯ ಪಟಾಕಿಗೆ ನೆರೆಯವರು ದೂರು ಕೊಡುತ್ತಾರೆಯೇ?
— ಒಬ್ಬ ಓದುಗರು, ದಾವಣಗೆರೆ

ಉತ್ತರ: ಪೂಜೆಯ ಗಂಟೆಗೆ, ಕುಕ್ಕರಿನ ಕೂಗಿಗೆ ಯಾರೂ ದೂರು ಕೊಡುವುದಿಲ್ಲ. ತಡರಾತ್ರಿಯ ಗದ್ದಲಕ್ಕೆ ಕೊಡುತ್ತಾರೆ, ಕೊಡುವುದು ಸರಿಯೂ ಹೌದು. ಗೋಡೆಯ ಆಚೆ ಬೆಳಗ್ಗೆ ಬೇಗ ಏಳಬೇಕಾದ ಮಕ್ಕಳು ಮಲಗಿರುತ್ತಾರೆ. ಇಷ್ಟಾದರೂ ಈ ಊರು ಸದ್ದನ್ನೇ ದ್ವೇಷಿಸುವಂಥದ್ದಲ್ಲ. 1336ರಲ್ಲಿ ಮೂರನೆಯ ಎಡ್ವರ್ಡ್ ದೊರೆ ಕೊಟ್ಟ ಸನ್ನದಿನಂತೆ ಆರಂಭವಾದ ಪಿನ್ನರ್ ಜಾತ್ರೆ ಈಗಲೂ ಮೇ ಕೊನೆಯ ರಜೆಯ ಸೋಮವಾರ ಕಳೆದ ಬುಧವಾರದಂದು ನಡೆಯುತ್ತದೆ; ಅಂದು ಮುಖ್ಯ ಬೀದಿಗಳಲ್ಲಿ ವಾಹನ ನಿಲ್ಲಿಸಿ ತಿರುಗುಯ್ಯಾಲೆಗಳನ್ನು ನಿಲ್ಲಿಸುತ್ತಾರೆ. ಪಟಾಕಿಯ ಬಗ್ಗೆ ಕಾನೂನು ಸ್ಪಷ್ಟವಾಗಿದೆ. ರಾತ್ರಿ 11ರಿಂದ ಬೆಳಗ್ಗೆ 7ರವರೆಗೆ ಹೊಡೆಯುವಂತಿಲ್ಲ, ಆದರೆ ದೀಪಾವಳಿಯ ರಾತ್ರಿ ಮಾತ್ರ 1 ಗಂಟೆಯವರೆಗೆ ಅನುಮತಿ ಇದೆ. ಅಷ್ಟು ಹೊತ್ತು ಹೊಡೆಯಬಹುದೆಂದು ಹೊಡೆಯಬೇಕಾಗಿಲ್ಲ, ಎಂಟೂವರೆಯೊಳಗೆ ಮುಗಿಸಿ. ನಾಯಿ ಬೆಕ್ಕು ಸಾಕಿದ ನೆರೆಯವರಿಗೆ ಎರಡು ದಿನ ಮೊದಲೇ ತಿಳಿಸಿ, ಅವರ ಮಕ್ಕಳನ್ನೂ ನಿಮ್ಮ ಹಿತ್ತಿಲಿಗೆ ಕರೆಯಿರಿ.