ಓದುಗರ ಪ್ರಶ್ನೋತ್ತರ: ಶಿಲುಬೆಯ ಖರ್ಚು ಯಾರ ಲೆಕ್ಕಕ್ಕೆ?

ಪ್ರಶ್ನೆ: ಆರು ಎಕರೆ ರೊಬಸ್ಟಾ ಕಾಫಿ ತೋಟ ಮಾರಿ, ಹಣವನ್ನೆಲ್ಲ ಕೊಟ್ಟು ಪೂರ್ಣಾವಧಿ ಕ್ರೈಸ್ತ ಸೇವೆಗೆ ಇಳಿಯಬೇಕೆಂದಿದ್ದೇನೆ. ಹೆಂಡತಿಗೆ ಭಯ, ತಾಯಿಗೆ ಸಿಟ್ಟು. ತಂದೆತಾಯಿಯನ್ನು ಹಗೆಮಾಡದವನು ಶಿಷ್ಯನಾಗಲಾರ ಎಂದು ಯೇಸುಸ್ವಾಮಿಯೇ ಹೇಳಿದ್ದಾರಲ್ಲವೇ? — ಓದುಗರು, ಸಿದ್ದಾಪುರ

ಉತ್ತರ: ಅದು ಲೂಕ 14:26. ಎರಡು ವಚನ ಕೆಳಗಿಳಿಯಿರಿ. ಗೋಪುರ ಕಟ್ಟುವವನು ಮೊದಲು ಕೂತು ಲೆಕ್ಕ ಹಾಕುತ್ತಾನೆ. ‘ಹಗೆ’ ಅಂದರೆ ಏನೆಂದು ಮತ್ತಾಯ 10:37 ಬಿಡಿಸಿ ಹೇಳುತ್ತದೆ: ನನಗಿಂತ ಹೆಚ್ಚಾಗಿ ಅವರನ್ನು ಪ್ರೀತಿಸುವುದು ಸಲ್ಲದು. ದೇವರಿಗೆ ಕೊಟ್ಟಾಯಿತು ಎಂದು ಹೆತ್ತವರ ಪಾಲು ತಪ್ಪಿಸುವುದಕ್ಕೆ ಮಾರ್ಕ 7:11ರಲ್ಲಿ ‘ಕೊರ್ಬಾನ್’ ಎಂಬ ಹೆಸರೇ ಇದೆ. ಯೇಸು ಅದನ್ನು ಖಂಡಿಸಿದರು.

ಮೊದಲು ಆರ್‌ಟಿಸಿಯಲ್ಲಿ (ಪಹಣಿಯಲ್ಲಿ) ಯಾರ್ಯಾರ ಹೆಸರಿದೆ ನೋಡಿ. ತಾಯಿಯದೋ ತಮ್ಮನದೋ ಹಕ್ಕಿದ್ದರೆ ಅದು ನೀವು ಕೊಡುವ ಕಾಣಿಕೆಯೇ ಅಲ್ಲ. ಬೆಳೆಸಾಲ, ಕಾರ್ಮಿಕರ ಬಾಕಿ ಎರಡನ್ನೂ ತೀರಿಸಿ. ಆಮೇಲೆ ಒಂದು ವರ್ಷ ತೋಟ ಮಾರದೆಯೇ ಸೇವಕನ ವರಮಾನದಲ್ಲಿ ಬದುಕಿ. ತಿಂಗಳಿಗೆ 12,000 ರೂಪಾಯಿ ಸಿಗಬಹುದು ಅಂದುಕೊಂಡಿದ್ದರೆ ಅಷ್ಟನ್ನೇ ಮನೆಖರ್ಚಿಗೆ ತೆಗೆದು, ಉಳಿದದ್ದನ್ನು ಬೇರೆ ಖಾತೆಗೆ ಹಾಕಿ. ತೀರ್ಮಾನಗಳು ಎಡವುವುದು ಇಲ್ಲೇ: ಜನ ಫೆಬ್ರವರಿಯಲ್ಲಿ, ಕಾಫಿ ದುಡ್ಡು ಕೈಯಲ್ಲಿರುವಾಗ ಹರಕೆ ಹೊರುತ್ತಾರೆ. ಜೂನ್‌ನಲ್ಲಿ ಶಾಲೆ ಫೀಸು, ಜುಲೈ ಮಳೆಯಲ್ಲಿ ಆಸ್ಪತ್ರೆ ಬಿಲ್ಲು ಬಂದಾಗ ಸಾಲಕ್ಕೆ ಕೈಯೊಡ್ಡುತ್ತಾರೆ. ನಿಮ್ಮ ಪರೀಕ್ಷೆಯ ವರ್ಷದೊಳಗೆ ಒಂದು ಮಳೆಗಾಲ ಪೂರ್ತಿ ಬರಲೇಬೇಕು. ಖರ್ಚಿನ ಪುಸ್ತಕ ಹೆಂಡತಿಯ ಕೈಯಲ್ಲಿರಲಿ. ವರ್ಷದ ಕೊನೆಗೆ ಆಕೆ ‘ಆಗುತ್ತದೆ’ ಅಂದರೆ ಮಾತು ಮುಂದುವರಿಸೋಣ.

ಪ್ರಶ್ನೆ: ಕಾಫಿ ಎಸ್ಟೇಟಿನಲ್ಲಿ ಆಳುಗಳ ಲೆಕ್ಕ ಬರೆಯುವ ರೈಟರ್ ಆಗಿದ್ದೇನೆ. ಕೊಯ್ಲಿನಲ್ಲಿ ಪ್ರತಿ ಚೀಲಕ್ಕೆ 2 ಕಿಲೋ ಕಡಿಮೆ ಬರೆಯಲು ಹೇಳುತ್ತಾರೆ. ಒಪ್ಪದಿದ್ದರೆ ಕೆಲಸ ಹೋಗುತ್ತದೆ. — ಹೆಸರು ಬೇಡ, ಅಮ್ಮತ್ತಿ

ಉತ್ತರ: ಮೊದಲು ಗಣಿತ. ಕಿಲೋ ಕೊಯ್ಲಿಗೆ 5 ರೂಪಾಯಿ ಎಂದಿಟ್ಟುಕೊಂಡರೆ ಚೀಲಕ್ಕೆ 10 ಹೋಯಿತು. ದಿನಕ್ಕೆ ಮೂರು ಚೀಲ, 40 ದಿನ ಅಂದರೆ ಒಬ್ಬ ಆಳಿಗೆ 1,200. ಆಳುಗಳು 25 ಇದ್ದರೆ 30,000 ರೂಪಾಯಿ ನಿಮ್ಮ ಪೆನ್ನಿನಿಂದ ಮಾಯ. ಯಾಕೋಬ 5:4ರಲ್ಲಿ ಕೂಗುವುದು ಹೀಗೆ ತಡೆಹಿಡಿದ ಕೂಲಿಯೇ.

ಖಾಲಿ ಚೀಲದ ತೂಕ ಕಳೆಯುವುದು ನ್ಯಾಯ. ಅದನ್ನು ಎಲ್ಲರ ಕಣ್ಣೆದುರು ತೂಗಿ, ಅಷ್ಟನ್ನೇ ಕಳೆಯಿರಿ. ಯಜಮಾನರ ಹತ್ತಿರ ಒಬ್ಬರೇ ಹೋಗಿ, ಮೇಸ್ತ್ರಿಯ ಮುಂದೆ ಬೇಡ. ‘ಕಿಲೋ ದರ ಇಳಿಸುವುದಾದರೆ ಆಳುಗಳಿಗೆ ಮೊದಲೇ ಹೇಳಿ ಇಳಿಸಿ, ತೂಕ ಮಾತ್ರ ಇದ್ದಷ್ಟೇ ಬರೆಯುತ್ತೇನೆ’ ಅನ್ನಿ. ಕನಿಕರದಿಂದ ಗುಟ್ಟಾಗಿ 2 ಕಿಲೋ ಸೇರಿಸುವವರೂ ಇದ್ದಾರೆ. ಅದೂ ಸುಳ್ಳು ಪುಸ್ತಕವೇ. ಹಿಂದಿನ ಕೊಯ್ಲುಗಳಲ್ಲಿ ಇದರಿಂದ ನಿಮ್ಮ ಕೈಗೂ ಪಾಲು ಬಂದಿದ್ದರೆ, ಅದನ್ನು ಆಯಾ ಆಳಿಗೇ ಹಿಂತಿರುಗಿಸಿ. ತೆರಿಗೆ ವಸೂಲಿಯ ಜಕ್ಕಾಯ, ವಂಚಿಸಿದ್ದಕ್ಕೆ ನಾಲ್ಕರಷ್ಟು ಕೊಡುತ್ತೇನೆ ಅಂದ (ಲೂಕ 19:8).

ಎಸ್ಟೇಟ್ ಕೊಟ್ಟ ಲೈನ್ ಮನೆಯಲ್ಲಿದ್ದರೆ ಕೆಲಸದ ಜೊತೆ ಸೂರೂ ಹೋಗುತ್ತದೆ. ಹಾಗಾಗಿ ಮಾತಾಡುವ ಮೊದಲೇ ಬಾಡಿಗೆ ಕೋಣೆ ಗೊತ್ತುಮಾಡಿ, ಮೂರು ತಿಂಗಳ ಅಕ್ಕಿ-ಬಾಡಿಗೆಯಷ್ಟು ಎತ್ತಿಡಿ, ಸಭೆಹಿರಿಯರಿಗೆ ತಿಳಿಸಿ. ಈ ಭಾರ ಒಬ್ಬರೇ ಹೊರಬೇಕಾದ್ದಲ್ಲ. ನಿಮ್ಮ ಪಕ್ಕದ ಆನಂದಪುರವನ್ನೇ ನೋಡಿ. 19ನೇ ಶತಮಾನದ ನಡುವೆ, ಜರ್ಮನ್ ಮಿಶನರಿ ಹರ್ಮನ್ ಮೋಗ್ಲಿಂಗರ ಕಾಲದಲ್ಲಿ, ಕ್ರೈಸ್ತರಾದ ಜೀತದಾಳುಗಳಿಗೆ ನೆಲೆ ಬೇಕೆಂದು ಬಾಸೆಲ್ ಮಿಶನ್ ಕಟ್ಟಿದ ಊರು ಅದು. ಭಾನುವಾರ ಬೆನ್ನು ತಟ್ಟಿ, ಸೋಮವಾರ ಅಕ್ಕಿ ಕೊಡದ ಸಭೆಗೆ ಈ ಚರಿತ್ರೆ ನೆನಪಿಸಲು ಹಿಂಜರಿಯಬೇಡಿ.

ಪ್ರಶ್ನೆ: ಅರೇಬಿಕಾ ಕಾಫಿ ಕೊಯ್ಲಿನಲ್ಲಿ ಭಾನುವಾರ ಪಲ್ಪರ್ (ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ) ಓಡಿಸಬಹುದೇ? — ಓದುಗರು, ಸೋಮವಾರಪೇಟೆ

ಉತ್ತರ: ಶನಿವಾರ ಕಿತ್ತ ಹಣ್ಣು ರಾಶಿಯಲ್ಲೇ ಕೂತರೆ ಬಿಸಿಯೇರಿ ಕೆಡುತ್ತದೆ, ಬಾವಿಗೆ ಬಿದ್ದ ಎತ್ತನ್ನು ಸಬ್ಬತ್ ದಿನವೂ ಮೇಲೆತ್ತುವ ಮಾತು (ಲೂಕ 14:5) ಇದಕ್ಕೆ ಸಲ್ಲುತ್ತದೆ. ಆದರೆ ಪ್ರತಿ ವಾರ ಎತ್ತನ್ನು ನೀವೇ ತಳ್ಳಬೇಡಿ. ಶನಿವಾರ ಮಧ್ಯಾಹ್ನಕ್ಕೇ ಕೊಯ್ಲು ನಿಲ್ಲಿಸಿ, ಸಂಜೆಯೊಳಗೆ ಪಲ್ಪ್ ಮುಗಿಸಿ. ಭಾನುವಾರಕ್ಕೆ ಕಣದಲ್ಲಿ ಕೈಯಾಡಿಸುವುದು, ತೊಟ್ಟಿ ನೋಡುವುದು ಮಾತ್ರ ಉಳಿಯುತ್ತದೆ. ಒಂದಿಷ್ಟು ಹಣ್ಣು ಉದುರುತ್ತದೆ, ಉದುರಲಿ.

ಪ್ರಶ್ನೆ: ಕೊಡವ ಮನೆತನದವಳು, ದೀಕ್ಷಾಸ್ನಾನ ಆಗಿದೆ. ಪುತ್ತರಿ ಸುಗ್ಗಿಹಬ್ಬಕ್ಕೆ ಐನ್‌ಮನೆಗೆ (ಮನೆತನದ ಮೂಲಮನೆಗೆ) ಹೋಗಲೇ ಬೇಡವೇ? — ಓದುಗರು, ಪೊನ್ನಂಪೇಟೆ

ಉತ್ತರ: ಹೋಗಿ. ಆದರೆ ಪೂಜೆಯಲ್ಲಿ ಪಾಲುಗೊಳ್ಳಲು ಆಗದು ಎಂಬುದನ್ನು ಮನೆತನದ ಹಿರಿಯರಾದ ಪಟ್ಟೆದಾರರಿಗೆ ವಾರದ ಮೊದಲೇ, ಎದುರು ಕೂತು, ತಗ್ಗಿದ ದನಿಯಲ್ಲಿ ಹೇಳಿ. ಕದಿರು ತೆಗೆಯುವ ರಾತ್ರಿ, ಎಲ್ಲರೂ ಸಾಲಾಗಿ ನಿಂತಿರುವಾಗ ಹಿಂದೆ ಸರಿದರೆ ಹಿರಿಯರಿಗೆ ಅವಮಾನ. ಬಹುತೇಕ ಜಗಳ ಹತ್ತುವುದು ನಂಬಿಕೆಗಲ್ಲ, ಈ ಅವಮಾನಕ್ಕೆ. ಊಟದ ವಿಷಯ 1 ಕೊರಿಂಥ 10:27-28ರಲ್ಲಿದೆ: ಬಡಿಸಿದ್ದನ್ನು ಕೆದಕದೆ ತಿನ್ನಿ, ಇದು ನೈವೇದ್ಯ ಎಂದು ಯಾರಾದರೂ ಹೇಳಿದರೆ ಮಾತ್ರ ಬಿಡಿ. ಅಷ್ಟಾದರೂ ಕೆಲವರು ಮುಖ ತಿರುಗಿಸಬಹುದು, ವರ್ಷಗಟ್ಟಲೆ. ಹಬ್ಬದ ಸಿಹಿ ತಂಬುಟ್ಟಿಗೆ ಬಾಳೆಹಣ್ಣು ಹಿಸುಕುವಾಗ ಅಡುಗೆಮನೆಯಲ್ಲಿರಿ, ಕೊನೆಯ ಪಾತ್ರೆ ತೊಳೆದೇ ಹೊರಡಿ.