ಕೋಬಾಲ್ಟ್ ಕಣಗಳು ಕಾಂತತ್ವವನ್ನು ಉಳಿಸಿಕೊಳ್ಳದಿರುವುದೇಕೆ?

ಪ್ರಶ್ನೆ: ಕೋಬಾಲ್ಟ್ ಸುಮಾರು 1,115 ಡಿಗ್ರಿ ಸೆಲ್ಸಿಯಸ್‌ವರೆಗೂ ಕಾಂತತ್ವ ಕಳೆದುಕೊಳ್ಳುವುದಿಲ್ಲವೆಂದು ಓದಿದ್ದೇನೆ. ಆದರೆ ತಾಮ್ರದೊಳಗೆ ಕೋಬಾಲ್ಟ್‌ನ ಅತಿಸೂಕ್ಷ್ಮ ಕಣಗಳಿರುವ ಮಿಶ್ರಲೋಹವು ಕೊಠಡಿಯ ತಾಪಮಾನದಲ್ಲಿ, ಕಾಂತಕ್ಷೇತ್ರ ತೆಗೆದೊಡನೆ ಕಾಂತತ್ವವನ್ನು ಬಹುಪಾಲು ಕಳೆದುಕೊಳ್ಳುತ್ತದೆ. ಬಹಳ ತಂಪಾಗಿಸಿದರೆ ಮಾತ್ರ ಉಳಿಸಿಕೊಳ್ಳುತ್ತದೆ. ಹೀಗೇಕೆ?
– ಭೌತವಿಜ್ಞಾನದ ವಿದ್ಯಾರ್ಥಿನಿ, ಧಾರವಾಡ

ಉತ್ತರ: ನೀವು ಓದಿದ್ದೂ ನಿಜ, ಕೇಳಿದ್ದೂ ನಿಜ. ಇಲ್ಲಿ ಎರಡು ಬೇರೆ ಬೇರೆ ತಾಪಮಾನಗಳಿವೆ. ಅವನ್ನು ಒಂದೇ ಎಂದು ಭಾವಿಸಿದರೆ ಗೊಂದಲವಾಗುತ್ತದೆ. 1,115 ಡಿಗ್ರಿ ಎಂಬುದು ಕ್ಯೂರಿ ತಾಪಮಾನ. ಅದನ್ನು ದಾಟಿದರೆ ಅಕ್ಕಪಕ್ಕದ ಪರಮಾಣುಗಳ ಕಾಂತ ದಿಕ್ಕುಗಳ ನಡುವಣ ಹೊಂದಾಣಿಕೆಯೇ ಮುರಿದುಬೀಳುತ್ತದೆ. ನಿಮ್ಮ ಮಿಶ್ರಲೋಹದಲ್ಲಿ ಕೊಠಡಿಯ ತಾಪಮಾನದಲ್ಲಿ ಹಾಗೇನೂ ಆಗಿರುವುದಿಲ್ಲ. ಪ್ರತಿ ಕಣದೊಳಗಿನ ಸಾವಿರಾರು ಪರಮಾಣುಗಳು ಈಗಲೂ ಒಂದೇ ದಿಕ್ಕಿಗೆ ಮುಖಮಾಡಿವೆ. ಆದರೆ ಆ ಇಡೀ ಕಣದ ಕಾಂತ ದಿಕ್ಕು ಶಾಖದ ಕಾರಣದಿಂದ ಮತ್ತೆ ಮತ್ತೆ ಹೊರಳುತ್ತಿದೆ. ಕ್ಷೇತ್ರವಿಲ್ಲದಾಗ ಬೇರೆ ಬೇರೆ ಕಣಗಳು ಬೇರೆ ಬೇರೆ ಕಡೆ ತಿರುಗಿರುವುದರಿಂದ ಒಟ್ಟು ಮೊತ್ತ ಸೊನ್ನೆಯಾಗುತ್ತದೆ. ಈ ಸ್ಥಿತಿಗೆ ಸೂಪರ್‌ಪ್ಯಾರಾಮ್ಯಾಗ್ನೆಟಿಸಂ ಎಂದು ಹೆಸರು.

ಹೊರಳಲು ಕಣವು ದಾಟಬೇಕಾದ ಶಕ್ತಿಯ ತಡೆ ಅದರ ಗಾತ್ರಕ್ಕೆ ಅನುಪಾತದಲ್ಲಿರುತ್ತದೆ. 1949ರಲ್ಲಿ ಫ್ರಾನ್ಸಿನ ಭೌತವಿಜ್ಞಾನಿ ಲೂಯಿ ನೀಲ್ ತೋರಿಸಿದಂತೆ, ಒಂದು ಹೊರಳಿಕೆಗೆ ಬೇಕಾಗುವ ಸರಾಸರಿ ಕಾಲವು ಈ ತಡೆಯನ್ನು ಉಷ್ಣಶಕ್ತಿಯಿಂದ ಭಾಗಿಸಿದಾಗ ಬರುವ ಸಂಖ್ಯೆಯೊಂದಿಗೆ ಘಾತೀಯವಾಗಿ ಏರುತ್ತದೆ. ಅದರ ಪರಿಣಾಮ ನಿಜಕ್ಕೂ ಬೆರಗು ಹುಟ್ಟಿಸುವಂಥದ್ದು. ಸುಮಾರು 7 ನ್ಯಾನೋಮೀಟರ್ ವ್ಯಾಸದ ಕೋಬಾಲ್ಟ್ ಕಣ ಕೊಠಡಿಯ ತಾಪಮಾನದಲ್ಲಿ ಒಂದು ಸೆಕೆಂಡಿನೊಳಗೇ ಹೊರಳಬಹುದು. 9 ನ್ಯಾನೋಮೀಟರಿನ ಕಣವಾದರೆ ದಶಕಗಳ ಕಾಲ ಅಲುಗದೆ ನಿಲ್ಲಬಹುದು. ತಂಪಾಗಿಸಿದಾಗಲೂ ಇದೇ ಸೂತ್ರ ಕೆಲಸ ಮಾಡುತ್ತದೆ: ಚಿಕ್ಕ ಕಣಗಳೂ ನಮ್ಮ ಅಳತೆಯ ಅವಧಿಯಲ್ಲಿ ಹೊರಳಲಾರದಾಗುತ್ತವೆ. ಆ ಹಂತವೇ ಬ್ಲಾಕಿಂಗ್ ತಾಪಮಾನ.

‘ಅಳತೆಯ ಅವಧಿ’ ಎಂಬುದನ್ನು ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸಬೇಕು. ಕ್ಯೂರಿ ತಾಪಮಾನ ವಸ್ತುವಿನ ಗುಣ. ಬ್ಲಾಕಿಂಗ್ ತಾಪಮಾನ ಹಾಗಲ್ಲ. ನೂರು ಸೆಕೆಂಡು ಹಿಡಿಯುವ ಮ್ಯಾಗ್ನೆಟೋಮೀಟರ್ (ಕಾಂತತ್ವ ಅಳೆಯುವ ಉಪಕರಣ) ಅಳತೆಯಲ್ಲಿ ಅದು ಕಡಿಮೆ ಬರುತ್ತದೆ. ಕಬ್ಬಿಣದ ಕಣಗಳನ್ನು ಸೆಕೆಂಡಿನ ಕೋಟಿಯಲ್ಲೊಂದು ಭಾಗದಷ್ಟು ಅಲ್ಪಾವಧಿಯಲ್ಲಿ ಗಾಮಾ ಕಿರಣಗಳ ಮೂಲಕ ಗ್ರಹಿಸುವ ಮಾಸ್‌ಬೌವರ್ ವಿಧಾನದಲ್ಲಿ ಹೆಚ್ಚು ಬರುತ್ತದೆ. ಆದ್ದರಿಂದ ಅಳೆದ ವಿಧಾನವನ್ನು ಹೇಳದೆ ಬ್ಲಾಕಿಂಗ್ ತಾಪಮಾನವನ್ನು ಮಾತ್ರ ವರದಿ ಮಾಡುವುದು ಸರಿಯಲ್ಲ.

ತಯಾರಿಕೆಯಲ್ಲಿಯೂ ಶಾಖದ ಪಾತ್ರ ದೊಡ್ಡದು. ಕೋಬಾಲ್ಟ್ ಕೊಠಡಿಯ ತಾಪಮಾನದಲ್ಲಿ ತಾಮ್ರದೊಂದಿಗೆ ಬೆರೆಯುವುದಿಲ್ಲವೆಂದೇ ಹೇಳಬಹುದು. ಹಾಗಾಗಿ ಕರಗಿದ ಮಿಶ್ರಣವನ್ನು ವೇಗವಾಗಿ ತಿರುಗುವ ಚಕ್ರದ ಮೇಲೆ ಸುರಿದು, ಬೇರ್ಪಡಲು ಸಮಯವೇ ಸಿಗದಂತೆ ತೆಳುವಾದ ಪಟ್ಟಿಯಾಗಿ ಹೆಪ್ಪುಗಟ್ಟಿಸುತ್ತಾರೆ. ಬಳಿಕ ಆ ಪಟ್ಟಿಯನ್ನು ಕೆಲವು ನೂರು ಡಿಗ್ರಿಗಳಲ್ಲಿ ಕಾಯಿಸಿದಾಗ ಕೋಬಾಲ್ಟ್ ಕಣಗಳಾಗಿ ಒಟ್ಟುಗೂಡುತ್ತದೆ. ಕಾಯಿಸಿದಷ್ಟೂ ಕಣಗಳು ಬೆಳೆಯುತ್ತವೆ, ಬ್ಲಾಕಿಂಗ್ ತಾಪಮಾನವೂ ಏರುತ್ತದೆ.

1992ರಲ್ಲಿ ಇಂಥ ತಾಮ್ರ–ಕೋಬಾಲ್ಟ್ ಮಿಶ್ರಲೋಹಗಳಲ್ಲಿಯೇ, ಕಾಂತಕ್ಷೇತ್ರ ಹಾಕಿದಾಗ ವಿದ್ಯುತ್ ರೋಧ ಗಣನೀಯವಾಗಿ ಇಳಿಯುವುದು ಕಂಡುಬಂತು. ಕಣಗಳ ದಿಕ್ಕುಗಳು ಒಂದಾದಾಗ ಎಲೆಕ್ಟ್ರಾನ್‌ಗಳು ಕಡಿಮೆ ಚದುರುವುದೇ ಇದಕ್ಕೆ ಕಾರಣ. ತಾಪಮಾನ ಏರಿದಂತೆ ಈ ಪರಿಣಾಮ ಕುಗ್ಗುತ್ತದೆ: ಶಾಖ ಹೆಚ್ಚಿದಷ್ಟೂ ಕಣಗಳನ್ನು ಒಂದೇ ದಿಕ್ಕಿಗೆ ತರಲು ಹೆಚ್ಚು ಬಲವಾದ ಕ್ಷೇತ್ರ ಬೇಕಾಗುತ್ತದೆ, ಜೊತೆಗೆ ಲೋಹದ ಜಾಲಕದ ಕಂಪನಗಳೂ ಎಲೆಕ್ಟ್ರಾನ್‌ಗಳನ್ನು ಚದುರಿಸುತ್ತವೆ.