ಓದುಗರ ಪ್ರಶ್ನೆ: ಸಾಫ್ಟ್‌ವೇರ್ ಇಂಜಿನಿಯರಿಂಗಿನಲ್ಲಿ ಸಂಶೋಧಿಸಲು ಎಂತ ಉಂಟು?

ಬಿ.ಟೆಕ್ ಮುಗಿಸಿ ಮಂಗಳೂರಿನ ಕಂಪನಿಯೊಂದರಲ್ಲಿ ಟೆಸ್ಟಿಂಗ್ ಕೆಲಸ ಮಾಡುತ್ತಿದ್ದೇನೆ. ಎಂ.ಟೆಕ್ ಮಾಡಿ ಸಾಫ್ಟ್‌ವೇರ್ ಇಂಜಿನಿಯರಿಂಗಿನಲ್ಲೇ ಮುಂದುವರಿಯುವ ಆಸೆ. "ಮಾಡುವ ಕೆಲಸವನ್ನೇ ಪುನಃ ಓದುವುದು ಎಂತಕ್ಕೆ?" ಅಂತ ಅಪ್ಪ ಕೇಳುತ್ತಾರೆ. ಏನು ಹೇಳಲಿ?
(ಓದುಗಿ, ಬದಿಯಡ್ಕ)

ಅಪ್ಪ ಕೇಳಿದ್ದರಲ್ಲಿ ತಪ್ಪಿಲ್ಲ. ಹೊಸ ಟೂಲ್ ಕಲಿಯಲಿಕ್ಕೆ ಅಂತಾದರೆ ಎಂ.ಟೆಕ್ ಬೇಡ, ಕಂಪನಿಯಲ್ಲೇ ಕಲಿಯಬಹುದು, ಸಂಬಳವೂ ಬರುತ್ತದೆ. ಆದರೆ ಒಂದು ವಿಷಯ ಯೋಚಿಸಿ. ನೀವು ಬರೆದ ಟೆಸ್ಟ್‌ಗಳೆಲ್ಲ ಪಾಸಾದವು. ಆ ಟೆಸ್ಟ್‌ಗಳೇ ಸರಿ ಇವೆ ಅಂತ ಹೇಗೆ ಗೊತ್ತು? ಕಂಪನಿಯಲ್ಲಿ ಇದನ್ನು ಕೇಳುತ್ತ ಕೂತರೆ ರಿಲೀಸ್ ತಪ್ಪಿಹೋಗುತ್ತದೆ. ಸಂಶೋಧನೆಯಲ್ಲಿ ಅದನ್ನು ಕೇಳುವುದೇ ಕೆಲಸ.

ಇದಕ್ಕೆ 1970ರ ದಶಕದಲ್ಲೇ ಹುಟ್ಟಿದ ಒಂದು ಉಪಾಯ ಮ್ಯುಟೇಶನ್ ಟೆಸ್ಟಿಂಗ್. ಕೋಡಿನಲ್ಲಿ ಬೇಕೆಂದೇ ಸಣ್ಣ ತಪ್ಪು ಸೇರಿಸುತ್ತಾರೆ, 'ಹೆಚ್ಚು' ಎಂದಿದ್ದಲ್ಲಿ 'ಹೆಚ್ಚು ಅಥವಾ ಸಮ' ಅಂತ ಮಾಡುತ್ತಾರೆ, ಆಮೇಲೆ ನಿಮ್ಮ ಟೆಸ್ಟ್ ಅದನ್ನು ಹಿಡಿಯುತ್ತದಾ ನೋಡುತ್ತಾರೆ. ಕೇಳಲು ಸುಲಭ. ಆದರೆ ದೊಡ್ಡ ಪ್ರೋಗ್ರಾಮಿನಲ್ಲಿ ಇಂಥ ಸಾವಿರಾರು ತಪ್ಪುಗಳನ್ನು ಮಾಡಬಹುದು, ಪ್ರತಿಯೊಂದಕ್ಕೂ ಟೆಸ್ಟ್ ಓಡಿಸುತ್ತ ಹೋದರೆ ಮುಗಿಯುವುದೇ ಇಲ್ಲ, ಮತ್ತೆ ಕೆಲವು ಬದಲಾವಣೆಗಳಿಂದ ಪ್ರೋಗ್ರಾಮಿನ ನಡೆ ಒಂದಿಷ್ಟೂ ಬದಲಾಗುವುದಿಲ್ಲ! ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಅನ್ನುವುದರ ಮೇಲೆ ಇವತ್ತಿಗೂ ಥೀಸಿಸ್ ಬರೆಯುತ್ತಿದ್ದಾರೆ.

ಇನ್ನೊಂದು ದಾರಿ ಫಝಿಂಗ್. 1988ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಬಾರ್ಟನ್ ಮಿಲ್ಲರ್ ಮಳೆಗಾಳಿಯ ರಾತ್ರಿ ಮನೆಯಿಂದ ಫೋನ್ ಲೈನಿನಲ್ಲಿ ಕೆಲಸ ಮಾಡುತ್ತಿದ್ದರು. ಲೈನಿನ ಗಲಾಟೆಗೆ ಅಕ್ಷರಗಳು ಕಲಸಿಹೋಗಿ ಯುನಿಕ್ಸ್ ಅನ್ನುವ ಆಪರೇಟಿಂಗ್ ಸಿಸ್ಟಂನ ಪ್ರೋಗ್ರಾಮುಗಳು ಬಿದ್ದುಹೋಗುತ್ತಿದ್ದವು. ಗುಡುಗಿದರೆ ನಾವಾದರೆ ಮೊದಲು ಮೋಡೆಮಿನ ಪ್ಲಗ್ ಕೀಳುತ್ತೇವೆ. ಮಿಲ್ಲರ್ ಪ್ರೋಗ್ರಾಮುಗಳು ಹೀಗೆ ಬೀಳುವುದನ್ನೇ ವಿದ್ಯಾರ್ಥಿಗಳಿಗೆ ಪ್ರಾಜೆಕ್ಟ್ ಕೊಟ್ಟರು. ಅರ್ಥವಿಲ್ಲದ ಅಕ್ಷರಗಳನ್ನು ಸುಮ್ನೆ ಸುರಿದು ನೋಡಿದಾಗ ಅವರು ಪರೀಕ್ಷಿಸಿದ ಯಾವ ಯುನಿಕ್ಸ್ ಆವೃತ್ತಿಯಲ್ಲೂ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ಪ್ರೋಗ್ರಾಮುಗಳು ಕೆಟ್ಟವು. 1990ರಲ್ಲಿ ಪ್ರಕಟವಾದ ಫಲಿತಾಂಶ ಅದು.

ಟೆಸ್ಟಿಂಗ್ ಬಿಟ್ಟರೆ ಗ್ರಾಹಕನಿಗೆ ನಿಜವಾಗಿ ಬೇಕಾದದ್ದು ಏನು ಅಂತ ತಿಳಿಯುವ ರಿಕ್ವೈರ್‌ಮೆಂಟ್ಸ್, ಓಡಿಸದೆಯೇ ಕೋಡ್ ಪರೀಕ್ಷಿಸುವ ಪ್ರೋಗ್ರಾಂ ಅನಾಲಿಸಿಸ್, ಬಗ್ ತಾನಾಗಿ ಸರಿಪಡಿಸುವ ವಿಧಾನಗಳು, ಕೋಡ್ ಇಟ್ಟು ಹಂಚಿಕೊಳ್ಳುವ ತಾಣ ಗಿಟ್‌ಹಬ್‌ನ ಹಳೆ ಕಡತ ಕೆದಕಿ ತಂಡಗಳು ಹೇಗೆ ಕೆಲಸ ಮಾಡುತ್ತವೆ ಅಂತ ನೋಡುವುದು, ಹೀಗೆ ಬೇಕಾದಷ್ಟಿದೆ. ನಿಮಗೆ ಟೆಸ್ಟಿಂಗ್‌ನ ಅನುಭವ ಇದೆ ಅಲ್ವಾ, ಅಲ್ಲಿಂದಲೇ ಶುರು ಮಾಡಿ.

ಎಂ.ಟೆಕ್‌ಗೆ ಗೇಟ್ ಪ್ರವೇಶ ಪರೀಕ್ಷೆ ಬರೆಯಲೇಬೇಕಾ? ಹತ್ತಿರದಲ್ಲಿ ಎಲ್ಲಿ ಓದಬಹುದು?
(ಓದುಗರು, ಮಂಜೇಶ್ವರ)

ಐ.ಐ.ಟಿ., ಎನ್.ಐ.ಟಿ.ಗಳ ಎಂ.ಟೆಕ್‌ನಲ್ಲಿ ಸೀಟಿನ ಜೊತೆಗೆ ಸ್ಟೈಪೆಂಡ್ ಕೂಡ ಬೇಕಾದರೆ ಬರೆಯಿರಿ. ಸ್ಕೋರ್ ಮೂರು ವರ್ಷ ಚಾಲ್ತಿಯಲ್ಲಿರುತ್ತದೆ. ತಮಾಷೆ ಏನೆಂದರೆ ಗೇಟ್‌ನ ಕಂಪ್ಯೂಟರ್ ಸೈನ್ಸ್ ಸಿಲೆಬಸ್ಸಿನಲ್ಲಿ ಈಗ ಸಾಫ್ಟ್‌ವೇರ್ ಇಂಜಿನಿಯರಿಂಗ್ ಅನ್ನುವ ಪಾಠವೇ ಇಲ್ಲ. ಅಲ್ಗಾರಿದಂ, ಕಂಪೈಲರ್, ಆಪರೇಟಿಂಗ್ ಸಿಸ್ಟಂ ಓದಿಯೇ ಒಳಗೆ ಹೋಗಬೇಕು. ನಿಮಗೆ ಹತ್ತಿರ ಸುರತ್ಕಲ್‌ನ ಎನ್.ಐ.ಟಿ.ಕೆ. ಇದೆ. ಪೆರಿಯದಲ್ಲಿರುವ ಕೇರಳ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ಸೈನ್ಸ್ ಎಂ.ಎಸ್ಸಿ. ಇದೆ, ಅದಕ್ಕೆ ಗೇಟ್ ಅಲ್ಲ, ಸಿ.ಯು.ಇ.ಟಿ. ಅನ್ನುವ ಪ್ರವೇಶ ಪರೀಕ್ಷೆ ಬರೆಯಬೇಕು. ಸಂಶೋಧನೆಯೇ ಗುರಿಯಾದರೆ ಬೆಂಗಳೂರಿನ ಐ.ಐ.ಎಸ್ಸಿ.ಯ ಎಂ.ಟೆಕ್ ರಿಸರ್ಚ್, ಮದ್ರಾಸ್ ಐ.ಐ.ಟಿ.ಯ ಎಂ.ಎಸ್. ನೋಡಿ. ಹೈದರಾಬಾದಿನ ಐ.ಐ.ಐ.ಟಿ.ಯಲ್ಲಿ ಸಾಫ್ಟ್‌ವೇರ್ ಇಂಜಿನಿಯರಿಂಗಿಗೇ ಒಂದು ಪ್ರತ್ಯೇಕ ಸಂಶೋಧನಾ ಕೇಂದ್ರ ಉಂಟು. ಕೋರ್ಸಿನ ಹೆಸರಿಗಿಂತ ಗೈಡ್ ಆಗುವವರು ಈಚೆಗೆ ಬರೆದ ನಾಲ್ಕು ಪೇಪರ್ ಓದುವುದು ಮುಖ್ಯ. ಬೋರಾಯಿತಾ? ಹಾಗಾದರೆ ಅವರ ಹತ್ತಿರ ಹೋಗಬೇಡಿ.

ಕೋಡನ್ನೆಲ್ಲ ಎ.ಐ. ಬರೆಯುವಾಗ ಇದನ್ನು ಓದಿ ಪ್ರಯೋಜನ ಉಂಟಾ?
(ಓದುಗರು, ಮುಳ್ಳೇರಿಯ)

ಬರೆಯುವುದು ಅಗ್ಗವಾದಷ್ಟೂ ಬರೆದದ್ದು ಸರಿಯಾ ಅಂತ ನೋಡುವ ಕೆಲಸ ಜಾಸ್ತಿಯಾಗುತ್ತದೆ. ಎ.ಐ. ಎಷ್ಟು ಜಾಣ ಅಂತ ಅಳೆಯಲು 2023ರಲ್ಲಿ ಬಂದ ಎಸ್‌ಡಬ್ಲ್ಯುಇ-ಬೆಂಚ್‌ನಲ್ಲಿ 12 ಪೈಥಾನ್ ಪ್ರಾಜೆಕ್ಟುಗಳಿಂದ ತೆಗೆದ 2,294 ನಿಜವಾದ ಸಮಸ್ಯೆಗಳಿವೆ. ಅವೆಲ್ಲ ಮೊದಲೇ ಗಿಟ್‌ಹಬ್‌ನಲ್ಲಿ ಉತ್ತರ ಸಮೇತ ಇದ್ದವು. ಹಾಗಾದರೆ ಎ.ಐ. ಬಿಡಿಸಿದ್ದಾ, ನೆನಪಿನಿಂದ ಒಪ್ಪಿಸಿದ್ದಾ? ನಿಮಗೆ ಥೀಸಿಸ್ ಬೇಕಾದರೆ ಈ ಒಂದು ಪ್ರಶ್ನೆ ಸಾಕು.

ಮಗ ಎಂ.ಸಿ.ಎ. ಕೊನೆಯ ವರ್ಷ. ಪ್ರಾಜೆಕ್ಟಿಗೆ ನಮ್ಮ ಊರಿಗೆ ಸಂಬಂಧಪಟ್ಟ ವಿಷಯ ಹೇಳಬಹುದಾ?
(ಓದುಗರು, ಕುಂಬಳೆ)

ನಮ್ಮ ಕಾಸರಗೋಡಿನಲ್ಲಿ ಒಬ್ಬರದೇ ಹೆಸರು ಒಂದು ಕಾಗದದಲ್ಲಿ ಮಲಯಾಳದಲ್ಲಿ, ಇನ್ನೊಂದರಲ್ಲಿ ಕನ್ನಡದಲ್ಲಿ, ಮತ್ತೊಂದರಲ್ಲಿ ಇಂಗ್ಲಿಷಿನಲ್ಲಿ ಇರುತ್ತದೆ. ಸಾಫ್ಟ್‌ವೇರ್ ಟೆಸ್ಟ್ ಮಾಡುವಾಗ ಮಾತ್ರ ಇಂಗ್ಲಿಷ್ ಹೆಸರು ಹಾಕಿ ನೋಡಿ ಮುಗಿಸುತ್ತಾರೆ. 'ಕಾಸರಗೋಡು' ನಮಗೆ ಐದು ಅಕ್ಷರ, ಕಂಪ್ಯೂಟರಿನಲ್ಲಿ ಎಲ್ಲ ಲಿಪಿಗಳಿಗೂ ಸಂಕೇತ ಕೊಡುವ ಯುನಿಕೋಡ್ ಲೆಕ್ಕದಲ್ಲಿ ಎಂಟು. ಅದರ ಓಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಇಡಬಹುದು, ಮೂರು ತುಂಡು ಮಾಡಿಯೂ ಇಡಬಹುದು. ಪರದೆಯ ಮೇಲೆ ಎರಡೂ ಒಂದೇ ರೀತಿ ಕಾಣುತ್ತವೆ, ಆದರೆ ನಾರ್ಮಲೈಸ್ ಮಾಡದೆ, ಅಂದರೆ ಎರಡನ್ನೂ ಒಂದೇ ರೂಪಕ್ಕೆ ತಾರದೆ, ಹೋಲಿಸುವ ಪ್ರೋಗ್ರಾಂ ಇವು ಬೇರೆ ಬೇರೆ ಅನ್ನುತ್ತದೆ. ಮಲಯಾಳದ ಚಿಲ್ಲಕ್ಷರಗಳ (ಸ್ವರವಿಲ್ಲದ ವ್ಯಂಜನಗಳ) ಕತೆ ಇನ್ನೂ ಕಷ್ಟದ್ದು. 2008ರಲ್ಲಿ ಯುನಿಕೋಡ್ 5.1 ಅವಕ್ಕೆ ಪ್ರತ್ಯೇಕ ಸಂಕೇತ ಕೊಟ್ಟಿತು, ಹಳೆಯ ಬರಹ ಹಳೆಯ ರೀತಿಯಲ್ಲೇ ಉಳಿಯಿತು, ಮತ್ತೆ ಇಲ್ಲಿ ನಾರ್ಮಲೈಸ್ ಮಾಡಿದರೂ ಎರಡು ಒಂದಾಗುವುದಿಲ್ಲ.

ಮಗನಿಗೆ ಹೇಳಿ: ಕನ್ನಡದಲ್ಲಿ ಇನ್ನೊಂದು ಆ್ಯಪ್ ಮಾಡಿದರೆ ಅದು ಸಂಶೋಧನೆ ಆಗುವುದಿಲ್ಲ. ಓಪನ್ ಸೋರ್ಸ್ ಆ್ಯಪ್‌ಗಳನ್ನು ಆರಿಸಿ, ಯಾವುದನ್ನು ಯಾಕೆ ಆರಿಸಿದ್ದು ಅಂತ ಬರೆದಿಟ್ಟು, ಇಂಥ ಹೆಸರುಗಳನ್ನು ಸ್ಕ್ರಿಪ್ಟ್ ಮೂಲಕ ಹಾಕಿ, ಹುಡುಕುವಾಗ, ಅಕಾರಾದಿಯಾಗಿ ಜೋಡಿಸುವಾಗ, ಉದ್ದ ಅಳೆದು ಕತ್ತರಿಸುವಾಗ ಎಲ್ಲಿ ತಪ್ಪುತ್ತದೆ ಅಂತ ನೋಡಲಿ. ಸಿಕ್ಕಿದ ಬಗ್‌ಗಳನ್ನು ಅವನೊಬ್ಬನೇ ವಿಂಗಡಿಸಬಾರದು. ಗೆಳೆಯನೊಬ್ಬ ಬೇರೆ ಕೂತು ವಿಂಗಡಿಸಲಿ, ಆಮೇಲೆ ಇಬ್ಬರದ್ದೂ ಎಷ್ಟು ಹೊಂದುತ್ತದೆ ಅಂತ ಲೆಕ್ಕ ಹಾಕಲಿ. ವೈವಾದಲ್ಲಿ ಮೊದಲು ಕೇಳುವುದು ಅದನ್ನೇ.